ತಿಮಿಂಗಿಲವಾದರೂ ಎಬ್ಬಿಸಿ

ಚಾಕೊಲೇಟ್ ತುರಿಯುವ ಸದ್ದನ್ನು ನೀವು ಎಂದಾದರೂ ಕಿವಿಗೊಟ್ಟು ಕೇಳಿದ್ದೀರಾ? ಒಣಕೊಬ್ಬರಿಯ ಹಾಗೆ ಅದು ಕರಕರ ಎನ್ನುವುದಿಲ್ಲ. ಪಕ್ಕದ ಕೋಣೆಯಲ್ಲಿ ಇಬ್ಬರು ಹೆಂಗಸರು ಯಾರದೋ ಮದುವೆಯ ವಿಷಯ ಮಾತಾಡಿಕೊಂಡ ಹಾಗೆ ಗುಸುಗುಸು ಎನ್ನುತ್ತದೆ. ಕಳೆದ ಭಾನುವಾರ ಮಧ್ಯಾಹ್ನ ನಮ್ಮ ಅಡುಗೆಮನೆಯಿಂದ ಆ ಗುಸುಗುಸು ಕೇಳಿಸಿತು, ಅದರ ಹಿಂದೆಯೇ ವಾಸನೆಯೂ ಬಂತು. ಮಗಳು ಪಾವ್ಲೋವಾ ಮಾಡುತ್ತಿದ್ದಳು. ಮೊಟ್ಟೆಯ ಬಿಳಿಯನ್ನು ನೊರೆ ಬರುವ ತನಕ ಕಡೆದು, ಸಕ್ಕರೆ ಸೇರಿಸಿ ಬೇಯಿಸಿ, ಮೇಲೆ ಕೆನೆ ಸುರಿಯುವ ಈ ದೇಶದ ಸಿಹಿ ಅದು. ಅದರ ಮೇಲೆ ಉದುರಿಸಲು ಕಪ್ಪು ಚಾಕೊಲೇಟಿನ ಗಟ್ಟಿಯೊಂದನ್ನು ಹಿಡಿದು ತುರಿಯುತ್ತಿದ್ದಳು.

ನಾನು ಊಟದ ಮೇಜಿನ ಮುಂದೆ ಕೂತು ಫೋನನ್ನು ನೋಡುತ್ತಿದ್ದೆ.

"ಮುಂಜಾನಿಂದ ಅದರ ಮಾರಿ ನೋಡ್ಕೋತ ಕುಂತೀಯಲ್ಲ," ಎಂದರು ನಮ್ಮವರು. "ಮದುವಿ ಆದಾಗಿಂದ ನನ್ನ ಮಾರಿ ಹಿಂಗ ಒಂದು ದಿವಸ ನೋಡಿಲ್ಲ ನೀ."

"ನಿಮ್ಮ ಮಾರಿ ರಿಂಗ್ ಆಗೂದಿಲ್ಲಲ್ರಿ," ಎಂದೆ.

"ಅಮ್ಮಾ, ಚಿಲ್," ಎಂದಳು ಮಗಳು ಒಳಗಿನಿಂದ. "ನೋ ಕಾಲ್ಸ್ ಮೀನ್ಸ್ ಎವ್ರಿಥಿಂಗ್ಸ್ ಸ್ವೀಟ್ ಆಸ್." ಅವಳಿಗೆ ಕನ್ನಡ ಪೂರ್ತಿ ಅರ್ಥವಾಗುತ್ತದೆ, ಉತ್ತರ ಮಾತ್ರ ಆ ಕಡೆಯಿಂದ ಬರುತ್ತದೆ. ಹದಿನೈದು ವರ್ಷಗಳಿಂದ ನಮ್ಮ ಮನೆಯಲ್ಲಿ ಮಾತು ಹೀಗೆಯೇ ನಡೆದಿದೆ, ಯಾರೂ ಉಪವಾಸ ಬಿದ್ದಿಲ್ಲ.

ಆದರೆ ಫೋನು ಬರಲಿಲ್ಲ ಎಂದರೆ ಎಲ್ಲ ಕ್ಷೇಮ ಎಂಬ ಆ ಮಾತನ್ನು ನಾನು ಒಪ್ಪಲಾರೆ. ನನ್ನ ಚಿಂತೆಯೇ ಅದು. ನಾವಿರುವ ಪಾಮರ್ಸ್ಟನ್ ನಾರ್ತ್‌ನ ಒಂದು ರೆಸ್ಟ್ ಹೋಮಿನಲ್ಲಿ, ಎಂದರೆ ವಯಸ್ಸಾದವರು ಆರೈಕೆಯಲ್ಲಿ ಇರುವ ಮನೆಯಲ್ಲಿ, ನಾನು ನರ್ಸುಗಳಿಗೆ ಹಿರಿಯಳು. ಭಾನುವಾರ ಅಲ್ಲಿ ಒಬ್ಬಳೇ ನರ್ಸ್ ಇರುತ್ತಾಳೆ. ಏನಾದರೂ ಅನುಮಾನ ಬಂದರೆ ಅವಳು ನನಗೆ ಫೋನ್ ಮಾಡಬೇಕು. ಒಂದು ತಿಂಗಳಿಂದ ಆ ಕೆಲಸಕ್ಕೆ ಶಾಹೀನ್ ಎಂಬ ಹುಡುಗಿ ಬಂದಿದ್ದಾಳೆ. ಕಲಬುರಗಿಯವಳು, ಚುರುಕು, ಕೈ ಮೆತ್ತಗೆ. ನಾಲ್ಕು ಭಾನುವಾರ ಕಳೆದರೂ ಒಂದು ಸಲವೂ ಕರೆದಿರಲಿಲ್ಲ. ಹಿಂದಿನ ವಾರ ಒಬ್ಬ ಅಜ್ಜಿ ದಿನವಿಡೀ ಊಟ ಮುಟ್ಟದೆ ಮಲಗಿದ್ದರಂತೆ. ನನಗೆ ಗೊತ್ತಾಗಿದ್ದು ಸೋಮವಾರ. ಪುಣ್ಯಕ್ಕೆ ಹಲ್ಲುನೋವು, ಅಷ್ಟೆ. "ಯಾಕ ಕರೀಲಿಲ್ಲವ್ವಾ?" ಎಂದು ಕೇಳಿದ್ದಕ್ಕೆ ಅವಳು ತಲೆ ತಗ್ಗಿಸಿ, "ನೀವು ಊಟಕ್ಕ ಕುಂತಿರ್ತೀರಿ ಅಂತ, ಆಂಟಿ. ಹೆಂಗ ತ್ರಾಸ ಕೊಡೂದು?" ಎಂದಳು.

ಆ ಮಾತು ನನ್ನದೇ ಆಗಿತ್ತು. ಹದಿನೈದು ವರ್ಷದ ಹಿಂದೆ, ಅದೇ ಕಟ್ಟಡದಲ್ಲಿ, ಅದೇ ಮಾತಿನಿಂದ ನಾನು ಒಬ್ಬರ ಪ್ರಾಣವನ್ನೇ ಕಳೆಯುವುದರಲ್ಲಿದ್ದೆ. ಅವರು ಬ್ರಿಟಿಷ್ ನೌಕಾಪಡೆಯಲ್ಲಿ ಯುದ್ಧ ಮಾಡಿ ಬಂದವರು. ಚಾಕೊಲೇಟ್ ತುರಿದ ವಾಸನೆ ಬಂದರೆ ನನಗೆ ಇವತ್ತಿಗೂ ಮೊದಲು ನೆನಪಾಗುವುದು ಅವರೇ.

ಮಿಸ್ಟರ್ ಡನ್‌ಸ್ಟನ್ ಅಂತ ಹೆಸರು. ನಾನು ಅಲ್ಲಿ ಸೇರಿದಾಗ ತೊಂಬತ್ತರ ಹತ್ತಿರ ಇದ್ದರು. ಉದ್ದನೆಯ ಆಳು, ಮೊಣಕಾಲು ಎರಡೂ ಸೋತಿದ್ದವು, ಬೆನ್ನು ಮಾತ್ರ ಸೋತಿರಲಿಲ್ಲ. ಅವರು ಆಡುತ್ತಿದ್ದದ್ದು ಇಂಗ್ಲಿಷ್, ಅದನ್ನು ನಾನು ಬೇರೆ ಹೇಳಬೇಕಿಲ್ಲ. ಆದರೆ ಈಗ ನೆನೆಸಿಕೊಂಡರೆ ಅವರ ಮಾತು ನನಗೆ ಗದಗಿನ ನಮ್ಮಜ್ಜನ ಬಾಯಲ್ಲಿ ಕೇಳಿಸುತ್ತದೆ. ಎಷ್ಟು ಪ್ರಯತ್ನಪಟ್ಟರೂ ಬಿಡಿಸಲು ಆಗುವುದಿಲ್ಲ. ಹಾಗಾಗಿ ಇಲ್ಲಿ ಒಬ್ಬ ಇಂಗ್ಲಿಷ್ ನೌಕಾಧಿಕಾರಿ ನಮ್ಮೂರ ಕನ್ನಡದಲ್ಲಿ ಮಾತಾಡಿದರೆ ನೀವು ನಗಬಹುದು. ನನ್ನನ್ನು ತಿದ್ದಲು ಮಾತ್ರ ಬರಬೇಡಿ.

ತಿದ್ದುವುದಕ್ಕೆ ಅವರೇ ಇದ್ದರು. ರೆಸ್ಟ್ ಹೋಮಿನ ನೆಲಕ್ಕೆ ನಾವು ನೆಲ ಎನ್ನುವ ಹಾಗಿರಲಿಲ್ಲ, ಡೆಕ್ ಎನ್ನಬೇಕು. ಅಡುಗೆಮನೆ ಗ್ಯಾಲಿ. ಊಟದ ಹಾಲಿಗೆ ಹೋಗುವಾಗ ಗಾಲಿಕುರ್ಚಿ ಬಾಗಿಲಿಗೆ ತಾಗಿದರೆ, "ಸಿಸ್ಟರ್, ಬಂದರದಾಗ ಹಡಗ ಹಿಂಗ ತಂದ್ರ ನಿನ್ನ ಕೆಲಸ ಹೋಗ್ತಿತ್ತು," ಎನ್ನುವರು.

ಮಧ್ಯಾಹ್ನ ಮೂರು ಗಂಟೆಗೆ ಅವರಿಗೆ ಕೋಕೋ ಬೇಕು. ಪುಡಿ ಕಲಸಿದ ಕೋಕೋ ಅಲ್ಲ. ಅಂಗಡಿಯಿಂದ ತಂದ ಚಾಕೊಲೇಟ್ ಗಟ್ಟಿಯನ್ನು ಅವರ ಕಣ್ಣೆದುರೇ ಚಾಕುವಿನಿಂದ ಕೆರೆದು, ಕುದಿಯುವ ನೀರು ಹೊಯ್ದು, ಒಂದು ಚಮಚ ಗಟ್ಟಿ ಹಾಲು ಹಾಕಿ, ಚಮಚ ನೆಟ್ಟಗೆ ನಿಲ್ಲುವಷ್ಟು ಮಂದ ಮಾಡಬೇಕು. ಹಡಗಿನಲ್ಲಿ ಚಳಿಗೆ ಹೆಪ್ಪುಗಟ್ಟಿ ಕಾವಲು ನಿಂತವರಿಗೆ ಅದನ್ನೇ ಕೊಡುತ್ತಿದ್ದರಂತೆ. ಜನವರಿ ಇಲ್ಲಿ ನಡುಬೇಸಿಗೆ. ಆ ಬಿಸಿಲಲ್ಲಿ, ಹೊರಗೆ ಜೀರುಂಡೆ ಅರಚುತ್ತಿರುವಾಗಲೂ, ಅವರು ಅದನ್ನು ಕೊನೆಯ ಗುಟುಕಿನವರೆಗೆ ಕುಡಿಯುವರು. ಕುಡಿಯುತ್ತ ಹಡಗಿನ ಕಥೆ ಹೇಳುವರು.

ಹತ್ತೊಂಬತ್ತನೆಯ ವಯಸ್ಸಿಗೆ ಅವರು ಬ್ಯಾಂಕಿನಲ್ಲಿ ಗುಮಾಸ್ತರಂತೆ. ಯುದ್ಧ ಶುರುವಾಯಿತು. ನೌಕಾಪಡೆಯೇ ಏಕೆ ಎಂದು ಸಂದರ್ಶನದಲ್ಲಿ ಕೇಳಿದಾಗ, "ನಡಿಯೂದು ಕಡಿಮಿ ಅಂತ," ಎಂದು ನಿಜವನ್ನೇ ಹೇಳಿದರಂತೆ. ಹಾಕಿದ್ದು ಅಟ್ಲಾಂಟಿಕ್ ಸಾಗರದ ಒಂದು ಚಿಕ್ಕ ಕಾವಲು ಹಡಗಿಗೆ. ಮೊದಲ ಹನ್ನೊಂದು ದಿನ ಬಕೆಟ್ಟನ್ನು ಕೊರಳಿಗೆ ಕಟ್ಟಿಕೊಂಡು ವಾಂತಿ ಮಾಡುತ್ತಲೇ ಕಾವಲು ನಿಂತರು. ಅವರ ಕ್ಯಾಪ್ಟನ್ ನೋಡಿ, "ಬಕೆಟ್ ಇರಲಿ. ಕಣ್ಣು ಮಾತ್ರ ಬಕೆಟ್‌ನಾಗ ಇರಬಾರದು," ಎಂದಿದ್ದರಂತೆ.

ಕೆಲಸ ಏನೆಂದು ಕೇಳಿದೆ ಒಮ್ಮೆ. ನಲವತ್ತು ಸರಕು ಹಡಗುಗಳು ಸಾಲುಸಾಲಾಗಿ ಗೋಧಿ, ಎಣ್ಣೆ, ಮಾಂಸ ಹೊತ್ತು ನಿಧಾನಕ್ಕೆ ಸಾಗುತ್ತವೆ. ಅವನ್ನು ಮುಳುಗಿಸಲು ನೀರೊಳಗೆ ಶತ್ರುವಿನ ಜಲಾಂತರ್ಗಾಮಿಗಳು ಕಾದಿರುತ್ತವೆ. ಐದಾರು ಚಿಕ್ಕ ಹಡಗುಗಳು ಆ ಹಿಂಡಿನ ಸುತ್ತ ಓಡಾಡುತ್ತ ಕಾಯಬೇಕು. ನಮ್ಮ ಕಡೆ ಸುಗ್ಗಿ ಮುಗಿದ ಮೇಲೆ ಕುರಿಗಾರರು ನೂರಾರು ಕುರಿ ಹೊಡೆದುಕೊಂಡು ಬರುವಾಗ ನಾಯಿಗಳು ಹಿಂದೆ ಮುಂದೆ ಓಡುತ್ತವಲ್ಲ, ಹಾಗೇನು ಎಂದೆ. ಬಹಳ ಖುಷಿಪಟ್ಟರು. "ಹಂಗ ನೋಡು! ಐದು ವರ್ಷ ನಾನು ಕುರಿ ಕಾಯೋ ನಾಯಿ ಇದ್ದೆ. ನಾಯಿಗೆ ಮೆಡಲ್ ಕೊಟ್ಟರು." ಆ ಮೆಡಲುಗಳು ಕಾಲುಚೀಲದ ಡ್ರಾಯರಿನಲ್ಲಿ, ತಂಬಾಕಿನ ಡಬ್ಬಿಯೊಳಗೆ ಇದ್ದವು.

ಮೊದಲು ಕಿರಿಯ ಅಧಿಕಾರಿ, ಆಮೇಲೆ ಹಡಗಿನ ಎರಡನೆಯವರು, ಇಪ್ಪತ್ತೈದು ತುಂಬುವ ಹೊತ್ತಿಗೆ ತಮ್ಮದೇ ಹಡಗಿನ ಕ್ಯಾಪ್ಟನ್. ಯುದ್ಧ ಮುಗಿದ ಮೇಲೆ ಈ ಊರಿನ ಹುಡುಗಿಯೊಬ್ಬಳನ್ನು ಮದುವೆಯಾಗಿ ಇಲ್ಲಿಗೆ ಬಂದು, ಮೂವತ್ತು ವರ್ಷ ಶಾಲೆಯಲ್ಲಿ ಗಣಿತ ಕಲಿಸಿದರು. ಸುತ್ತ ಸಮುದ್ರವಿರುವ ದೇಶದಲ್ಲಿ ಸಮುದ್ರ ಕಾಣದ ಈ ಊರೇ ಏಕೆ ಎಂದರೆ, "ಸಾಕಷ್ಟು ನೋಡೇನಿ," ಎನ್ನುವರು.

ಅವರ ಕಥೆಗಳಲ್ಲೆಲ್ಲ ನನಗೆ ಇಷ್ಟವಾದದ್ದು ತಿಮಿಂಗಿಲದ್ದು. ಆ ನೌಕಾಪಡೆಯಲ್ಲಿ ಒಂದು ಪದ್ಧತಿ. ಕ್ಯಾಪ್ಟನ್ ಮಲಗಲು ಹೋಗುವ ಮೊದಲು ಒಂದು ಪುಸ್ತಕದಲ್ಲಿ ಆಜ್ಞೆಗಳನ್ನು ಬರೆದಿಡುತ್ತಾನೆ. ಹಡಗನ್ನು ನೋಡಿಕೊಳ್ಳುವ ಅಧಿಕಾರಿ ಅದನ್ನು ಓದಿ ಕೆಳಗೆ ಸಹಿ ಹಾಕಬೇಕು. ದಿನದಿನಕ್ಕೆ ಆಜ್ಞೆ ಬದಲಾದರೂ ಕೊನೆಯ ಸಾಲು ಮಾತ್ರ ಬದಲಾಗುವುದಿಲ್ಲ: ಅನುಮಾನ ಬಂದರೆ ನನ್ನನ್ನು ಕರೆಯಿರಿ. ಡನ್‌ಸ್ಟನ್ ಕ್ಯಾಪ್ಟನ್ ಆಗಿದ್ದಾಗ ಒಂದೇ ಪ್ರಯಾಣದಲ್ಲಿ ಹದಿನಾಲ್ಕು ಸಲ ಅವರನ್ನು ಎಬ್ಬಿಸಿದರಂತೆ. "ಮೂರು ಸಲ ಮೋಡ. ಒಂದು ಸಲ ಚಂದ್ರ. ಉಳಿದದ್ದೆಲ್ಲ ತಿಮಿಂಗಿಲ." ನೀರೊಳಗಿನ ಸದ್ದು ಹಿಡಿಯುವ ಯಂತ್ರಕ್ಕೆ ತಿಮಿಂಗಿಲವೂ ಒಂದೇ, ಜಲಾಂತರ್ಗಾಮಿಯೂ ಒಂದೇ.

"ಬೈದಿರೇನು ಅವರಿಗೆ?" ಎಂದೆ.

"ಯಾಕ ಬೈಲಿ? 'ಶಭಾಶ್, ತಿಮಿಂಗಿಲ ಅಂತ ಬರೀರಿ' ಅಂದು ಮತ್ತ ಮಲಗಿದೆ."

ನಾನು ಬಿದ್ದು ಬಿದ್ದು ನಕ್ಕೆ. ಅದರಿಂದ ಕಲಿಯಬೇಕಾದ್ದು ಏನಾದರೂ ಇದೆ ಎಂದು ಹೊಳೆಯಲಿಲ್ಲ.

ಹೊಳೆಯುವುದಾದರೂ ಹೇಗೆ? ನಾನು ಬೆಳೆದ ಮನೆಯಲ್ಲಿ ಎಲ್ಲಕ್ಕಿಂತ ದೊಡ್ಡ ಅಪರಾಧ ಎಂದರೆ ಮಲಗಿದ ಹಿರಿಯರನ್ನು ಎಬ್ಬಿಸುವುದು. ನಮ್ಮಜ್ಜ ರೈಲ್ವೆಯಲ್ಲಿ ಗಾರ್ಡ್ ಆಗಿ ನಿವೃತ್ತರಾದವರು. ಊಟವಾದ ಮೇಲೆ ಪಡಸಾಲೆಯಲ್ಲಿ ಚಾಪೆ ಹಾಸಿ ಮಲಗಿದರೆ ಮನೆಗೆ ಮನೆಯೇ ತುದಿಗಾಲಲ್ಲಿ ನಡೆಯುತ್ತಿತ್ತು. ಕಾಗೆ ಕೂಗಿದರೆ ಅಜ್ಜಿ ಅಂಗಳಕ್ಕೆ ಓಡಿ ಅದಕ್ಕೆ ಪಿಸುಮಾತಿನಲ್ಲಿ ಬೈಯುತ್ತಿದ್ದರು. ಒಂದು ಸಲ ರೋಣದಿಂದ ಅಜ್ಜನ ಖಾಸ ತಮ್ಮ ಬಂದರು. "ಅವರು ಮಲಗ್ಯಾರ, ಕಟ್ಟಿ ಮ್ಯಾಲ ಕೂಡ್ರಿ," ಎಂದು ಅಜ್ಜಿ ನೀರು ಕೊಟ್ಟು ಕೂರಿಸಿದರು. ಒಂದೂವರೆ ತಾಸು ಕೂತ ಆ ಮನುಷ್ಯ, "ಮಲಗಲಿ, ನನ್ನ ಮಣ್ಣಿಗೂ ಎದ್ದು ಬರೂದು ಬ್ಯಾಡ," ಎಂದು ಎದ್ದು ಹೋದವರು ಎರಡು ವರ್ಷ ಮಾತು ಬಿಟ್ಟರು. ಅಜ್ಜಿಗೆ ಪಶ್ಚಾತ್ತಾಪವೇನೂ ಆಗಲಿಲ್ಲ. ನನಗೆ ಕನ್ನಡ ಕಲಿಸಿದ್ದು ಆ ಅಜ್ಜ, ಆ ಅಜ್ಜಿ. ಭಾಷೆಯ ಜೊತೆ ಅವರ ಅಂಜಿಕೆಗಳೂ ನನಗೆ ಬಂದವು. ಮುಂದೆ ನರ್ಸಿಂಗ್ ಕಲಿತ ಆಸ್ಪತ್ರೆಯಲ್ಲಿ, ಊಟದ ಹೊತ್ತಿಗೆ ದೊಡ್ಡ ಡಾಕ್ಟರಿಗೆ ಫೋನ್ ಮಾಡಿದ ನನ್ನ ಗೆಳತಿಯೊಬ್ಬಳು ಇಡೀ ವಾರ್ಡಿನ ಎದುರು ಬೈಸಿಕೊಂಡು ಅತ್ತದ್ದನ್ನು ನೋಡಿದ ಮೇಲಂತೂ ಆ ಪಾಠ ಗಟ್ಟಿಯಾಯಿತು. ದೊಡ್ಡವರಿಗೆ ತೊಂದರೆ ಕೊಡದವಳೇ ಒಳ್ಳೆಯ ನರ್ಸ್ ಎಂದು ನಂಬಿಕೊಂಡು ನಾನು ವಿಮಾನ ಹತ್ತಿದ್ದೆ.

ಇಲ್ಲಿಗೆ ಬಂದ ವರ್ಷವೇ, ಜನವರಿಯ ಒಂದು ಭಾನುವಾರ. ನಾನೊಬ್ಬಳೇ ಡ್ಯೂಟಿಯಲ್ಲಿದ್ದೆ. ಮೂರು ಗಂಟೆಗೆ ಡನ್‌ಸ್ಟನ್ ಅವರ ಕೋಣೆಗೆ ಹೋಗಿ ಕೋಕೋ ಮಾಡಿಕೊಟ್ಟೆ. ಸ್ವಲ್ಪ ಹೊತ್ತು ಬಿಟ್ಟು ಬಂದು ನೋಡಿದರೆ ಲೋಟ ತುಂಬಿದ ಹಾಗೆಯೇ ಇತ್ತು, ಮೇಲೆ ಕೆನೆಗಟ್ಟಿತ್ತು.

"ಯಾಕೆ, ಚೆನ್ನಾಗಿಲ್ಲವಾ?"

"ಚಲೋ ಐತಿ. ಆಮ್ಯಾಲ ಕುಡೀತೀನಿ."

"ಎದ್ದು ಓಡಾಡಬೇಡಿ ಮತ್ತೆ. ಈಗಷ್ಟೇ ನೆಲ ಒರೆಸಿದ್ದಾರೆ, ಜಾರೀತು."

"ಆತು," ಎಂದರು.

ನೆಲ ಎಂದಿದ್ದೆ ನಾನು, ಡೆಕ್ ಎನ್ನದೆ. ಅವರು ತಿದ್ದಲಿಲ್ಲ.

ನಾಡಿ ನೋಡಿದೆ, ಸ್ವಲ್ಪ ಜೋರು. ರಕ್ತದೊತ್ತಡ, ಅವರ ಮಟ್ಟಿಗೆ ತುಸು ಕೆಳಗೆ. ಜ್ವರವಿಲ್ಲ, ನೋವಿಲ್ಲ. ಬೆರಳು ತಣ್ಣಗಿದ್ದವು, ಆದರೆ ಮುದುಕರ ಬೆರಳು ತಣ್ಣಗಿರುವುದು ಹೊಸದೇನಲ್ಲ. ಕಾಗದದಲ್ಲಿ ಬರೆದರೆ ಎಲ್ಲವೂ ಸರಿಯಾಗಿಯೇ ಕಾಣುವಂತಿತ್ತು. ಏನೋ ಸರಿಯಿಲ್ಲ ಎಂದು ನನ್ನ ಮನಸ್ಸಿಗೆ ಮಾತ್ರ ಗೊತ್ತಾಗುತ್ತಿತ್ತು.

ಕರೆಯಬೇಕಾದ ಡಾಕ್ಟರು ಐದು ನಿಮಿಷದ ದೂರದಲ್ಲೇ ಇದ್ದರು. ಆದರೆ ಅವತ್ತು ಅವರ ಮೊಮ್ಮಗಳ ಹುಟ್ಟುಹಬ್ಬ, ಮನೆಯ ಹಿಂದೆ ಬಾರ್ಬೆಕ್ಯೂ ಊಟ ಇದೆ ಎಂದು ಶುಕ್ರವಾರ ಅವರೇ ಹೇಳಿದ್ದರು. ಕೋಕೋ ಕುಡಿದಿಲ್ಲ, ನನ್ನನ್ನು ತಿದ್ದಲಿಲ್ಲ ಎಂದು ಅವರಿಗೆ ಫೋನ್ ಮಾಡಲೇ? ಮಾಡಿ ಏನು ಹೇಳಲಿ? ಇನ್ನೊಮ್ಮೆ ನಾಡಿ ನೋಡಿದೆ. ಒಂದು ಟಿಪ್ಪಣಿ ಬರೆದೆ, ಅಕ್ಷರ ಚೆನ್ನಾಗಿಲ್ಲ ಎಂದು ಹರಿದು ಮತ್ತೊಂದು ಬರೆದೆ. ಔಷಧದ ಬೀರು ಒಪ್ಪ ಮಾಡಿದೆ. ಹತ್ತು ನಿಮಿಷ ನೋಡೋಣ ಎಂದುಕೊಂಡೆ, ಹತ್ತಾದ ಮೇಲೆ ಇನ್ನೂ ಹತ್ತು ಎಂದುಕೊಂಡೆ. ನಲವತ್ತು ನಿಮಿಷ ಹೀಗೆ ಹೋಯಿತು. ಕೊನೆಗೆ, ಪಾಪ, ನಿದ್ದೆ ಬಂದಿರಬೇಕು, ಮಲಗಲಿ ಎಂದು ಅವರ ಕೋಣೆಗೆ ಹೋಗಿ ಹೊದಿಕೆ ಹೊದಿಸಿ ಪರದೆ ಎಳೆದೆ.

ಅವರು ಕಣ್ಣು ತೆರೆಯದೆಯೇ ಕೇಳಿದರು: "ಈಗ ಕಾವಲ ಯಾರದು?"

"ನನ್ನದು," ಎಂದೆ.

"ಹಂಗಾದ್ರ ಚಿಂತಿಲ್ಲ," ಎಂದು ಮುಖ ಆ ಕಡೆ ಹೊರಳಿಸಿದರು.

ಈ ಮನುಷ್ಯ ನನ್ನನ್ನು ನಂಬಿ ಮಲಗುತ್ತಿದ್ದಾರೆ, ನಾನು ಡಾಕ್ಟರ ಬಾರ್ಬೆಕ್ಯೂ ಕಾಯುತ್ತಿದ್ದೇನೆ! ಓಡಿ ಹೋಗಿ ಫೋನ್ ಎತ್ತಿಕೊಂಡೆ. ಅದರ ಮುಂದೆ ಏನೇನು ಒದರಿದೆನೋ. "ಸಾರಿ ಡಾಕ್ಟರ್, ಊಟ ಮಾಡ್ತಿದ್ದೀರೇನೋ, ಸಾರಿ," ಎಂದು ಮೂರು ಸಲ ಹೇಳಿದ್ದು ನೆನಪಿದೆ. "ಬಂದೆ," ಎಂದರು ಅವರು.

ಬಂದರು, ಹಿಂದೆ ಸಾಮಾನು ಹೇರುವ ತಮ್ಮ ಯೂಟ್ ಗಾಡಿಯಲ್ಲಿ, ರಬ್ಬರ್ ಚಪ್ಪಲಿಯಲ್ಲಿ, ಅಂಗಿಯ ಮೇಲೆ ಟೊಮೆಟೊ ಸಾಸಿನ ಕಲೆ, ತಲೆಯ ಮೇಲೆ ಕಾಗದದ ಕಿರೀಟ. ಹೊಟ್ಟೆ ಮುಟ್ಟಿದರು, ಕಣ್ಣಿನ ರೆಪ್ಪೆ ಎಳೆದು ನೋಡಿದರು, ಮರುನಿಮಿಷ ಆಂಬ್ಯುಲೆನ್ಸಿಗೆ ಹೇಳಿದರು. ಮೊಣಕಾಲಿನ ನೋವಿಗೆ ನುಂಗುತ್ತಿದ್ದ ಮಾತ್ರೆಯಿಂದ ಹೊಟ್ಟೆಯೊಳಗೆ ಹುಣ್ಣಾಗಿ ಸದ್ದಿಲ್ಲದೆ ರಕ್ತ ಹೋಗುತ್ತಿತ್ತು. ಸಂಜೆಯ ತನಕ ಮಲಗಲು ಬಿಟ್ಟಿದ್ದರೆ ಏಳುತ್ತಿರಲಿಲ್ಲ ಎಂದರು. ನಾನು ಅಳಲು ಶುರುಮಾಡಿದೆ. ಡಾಕ್ಟರು ಗಾಬರಿಯಾಗಿ ತಮ್ಮ ಕಿರೀಟ ತೆಗೆದು ಜೇಬಿನಲ್ಲಿ ಇಟ್ಟುಕೊಂಡರು.

ಒಂಬತ್ತು ದಿನಕ್ಕೆ ಡನ್‌ಸ್ಟನ್ ಹಿಂದಿರುಗಿದರು. ಗಾಲಿಕುರ್ಚಿ ಬಾಗಿಲಿಗೆ ತಾಗಿತು. ಬಂದರು, ಹಡಗು, ಕೆಲಸ ಹೋಗುತ್ತಿತ್ತು ಎಂಬುದೆಲ್ಲ ಮತ್ತೆ ಕೇಳಿಸಿತು. ಆ ಬೈಗುಳ ಕೇಳಿ ಅಷ್ಟು ಹಗುರಾದದ್ದು ನನ್ನ ಜೀವನದಲ್ಲಿ ಅದೇ ಮೊದಲು. ಎಲ್ಲರೂ ನನ್ನನ್ನು ಹೊಗಳುತ್ತಿದ್ದರು. ಅದನ್ನು ತಡೆಯಲಾಗಲಿಲ್ಲ. ಮೂರು ಗಂಟೆಗೆ ಚಾಕೊಲೇಟ್ ಕೆರೆಯುತ್ತ, ತಲೆ ಎತ್ತದೆ, ಹೇಳಿಬಿಟ್ಟೆ. ನಲವತ್ತು ನಿಮಿಷ ಸುಮ್ಮನಿದ್ದೆ. ನೀವು ಮಲಗಲಿ ಎಂದು, ಡಾಕ್ಟರು ಉಣ್ಣಲಿ ಎಂದು.

"ನಂದು ಆರು ನಿಮಿಷ," ಎಂದರು. "ನೀ ನನ್ನ ಮೀರಿಸಿದಿ."

ಹೀಗೆಂದು, ಯಾರಿಗೂ ಹೇಳದೇ ಇದ್ದದ್ದನ್ನು ಹೇಳಿದರು. ಅವರಿಗಾಗ ಇಪ್ಪತ್ತು. ಬೆಳಗಿನ ತಿಂಡಿಯಾಗಿತ್ತು, ಸಾಗರದ ಮೇಲೆ ದಟ್ಟ ಮಂಜು. ಹಡಗಿನ ಕಾವಲು ಅವರದು. ಮೂರು ದಿನ ರೆಪ್ಪೆ ಮುಚ್ಚದ ಕ್ಯಾಪ್ಟನ್ ಆಗಷ್ಟೇ ಬೂಟು ಬಿಚ್ಚಿ ಪಕ್ಕದ ಕೋಣೆಯಲ್ಲಿ ಮಲಗಿದ್ದರು. ಮಂಜಿನೊಳಗೆ ಇನ್ನೊಂದು ದಪ್ಪ ಮಂಜು ಕಂಡಂತಾಯಿತು. ಹಡಗೋ? ಭ್ರಮೆಯೋ? ಪುಸ್ತಕದಲ್ಲಿ ಅವರ ಸಹಿ ಇತ್ತು, ಅನುಮಾನವೂ ಇತ್ತು. "ಆದರ ಆ ಮನಿಶಾನ ಮಾರಿ ನೋಡಿದ್ದೆ, ಸಿಸ್ಟರ್. ಹೆಣದ ಮಾರಿ ಆಗಿತ್ತು. ಪಾಪ, ಮಲಗಲಿ ಅಂದೆ."

ಆರು ನಿಮಿಷವಾದ ಮೇಲೆ ದಪ್ಪ ಮಂಜು ಎಣ್ಣೆ ತುಂಬಿದ ಹಡಗಾಗಿ ಅಡ್ಡ ಬಂತು. ಸೈರನ್ ಕೂಗಿತು. ಕ್ಯಾಪ್ಟನ್ ಬರಿಗಾಲಲ್ಲಿ ಓಡಿ ಬಂದು ಒಂದೇ ಆಜ್ಞೆ ಕೊಟ್ಟರು. ಹಡಗು ಒಡೆಯಲಿಲ್ಲ, ಎಣ್ಣೆ ಹೊತ್ತಲಿಲ್ಲ, ಒಬ್ಬರೂ ಸಾಯಲಿಲ್ಲ. ಆದರೆ ಎರಡು ಹಡಗುಗಳು ಉಜ್ಜಿಕೊಂಡು ಹೋದಾಗ, ಡೆಕ್ಕಿನ ಅಂಚಿನಲ್ಲಿ ಕೂತು ಆಲೂಗಡ್ಡೆ ಸುಲಿಯುತ್ತಿದ್ದ ಅಡುಗೆಯವನ ಬಲಗೈಯ ಎರಡು ಬೆರಳು ಹೋದವು.

ಕ್ಯಾಪ್ಟನ್ ಕೂಗಾಡಲಿಲ್ಲವಂತೆ. ಬೂಟು ಹಾಕಿಕೊಳ್ಳುತ್ತ ಅಂದರಂತೆ: "ನಿನ್ನ ಕನಿಕರ ನನಗ ಬ್ಯಾಡ. ನಿನ್ನ ಅನುಮಾನ ನನಗ ಬೇಕು." ವರದಿಯಲ್ಲಿ ಮಂಜು ಎಂದಷ್ಟೇ ಬರೆದರು. ಅಡುಗೆಯವನಿಗೆ ಆರು ನಿಮಿಷದ ಸಂಗತಿ ಗೊತ್ತಾಗಲಿಲ್ಲವಂತೆ. ಯುದ್ಧ ಮುಗಿದ ಮೇಲೆ ಅವನು ಇಂಗ್ಲೆಂಡಿನ ಕರಾವಳಿಯಲ್ಲಿ ಮೀನಿನ ಅಂಗಡಿ ಇಟ್ಟ, ಪ್ರತಿ ಕ್ರಿಸ್ಮಸ್ಸಿಗೆ ತಪ್ಪದೆ ಕಾರ್ಡು ಕಳಿಸುತ್ತಿದ್ದ. "ಪ್ರತಿ ವರ್ಷ ಆ ಕಾರ್ಡ್ ಬಂದಾಗ ಎರಡು ದಿವಸ ನನಗ ಊಟ ಸೇರೂದಿಲ್ಲ," ಎಂದರು ಡನ್‌ಸ್ಟನ್.

"ಅವರಿನ್ನೂ ಇದ್ದಾರಾ?"

"ಈ ಸಲನೂ ಬಂತಲ್ಲ ಕಾರ್ಡು."

"ಹಾಗಾದರೆ ಬರೆಯಿರಿ. ನಿಮ್ಮ ಕೈ ನಡುಗುತ್ತದೆ, ಹೇಳಿ, ನಾನು ಬರೆಯುತ್ತೇನೆ."

ಒಂದು ವಾರ ಅವರು ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ. ಆಮೇಲೆ ಒಂದು ದಿನ, ಕಾಗದ ತಗೊಂಡು ಬಾ ಎಂದರು. ಅರ್ಧ ಪುಟದ ಪತ್ರ, ಮೂರು ದಿನ ಹಿಡಿಯಿತು. ಅಂಚೆಗೆ ಹಾಕಿದ ಮೇಲೆ ಅವರು ಕೋಕೋ ಅರ್ಧಕ್ಕೆ ಬಿಡತೊಡಗಿದರು. ಈ ಸಲ ಕಾರಣ ನನಗೆ ಗೊತ್ತಿತ್ತು, ಡಾಕ್ಟರಿಗೆ ಅದಕ್ಕೆ ಔಷಧವಿರಲಿಲ್ಲ.

ಏಳನೆಯ ವಾರ ಉತ್ತರ ಬಂತು. ನಾನೇ ಓದಿ ಹೇಳಿದೆ. ಎಡಗೈಯಲ್ಲಿ ಬರೆದ ದಪ್ಪ ಅಕ್ಷರ. ಸರ್, ಅದು ಅರ್ಧ ಹಡಗಿಗೆ ಗೊತ್ತಿತ್ತು, ಚುಕ್ಕಾಣಿ ಹಿಡಿದವನೇ ಮಾರನೆಯ ದಿನ ನನಗೆ ಹೇಳಿದ. ನೀವು ಹೇಳಿಕೊಳ್ಳಲಿ ಎಂದು ಅಷ್ಟು ವರ್ಷ ಕಾರ್ಡು ಹಾಕಿದೆ, ನಿಮಗೆ ತೊಂದರೆ ಕೊಡಬಾರದು ಎಂದು ನಾನಾಗಿ ಕೇಳಲಿಲ್ಲ. ಬೆರಳು ಹೋದದ್ದಕ್ಕೆ ನನ್ನದೂ ಪಾಲಿದೆ, ಸೈರನ್ ಕೇಳಿದ ಮೇಲೂ ಆ ಆಲೂಗಡ್ಡೆ ಮುಗಿಸೋಣ ಎಂದು ಕೂತಿದ್ದೆ.

ಡನ್‌ಸ್ಟನ್ ನಕ್ಕರು. ನಗುತ್ತಲೇ ಕಣ್ಣು ಒರೆಸಿಕೊಂಡರು, ಮತ್ತೆ ನಕ್ಕರು. "ತ್ರಾಸ ಕೊಡಬಾರದು ಅಂತ ಸುಮ್ಮ ಕುಂತಿದ್ದನಂತ! ಅವನೂ!" ಎಂದು ಮೇಲಿಂದ ಮೇಲೆ ಹೇಳಿದರು. ಅವತ್ತು ಎರಡು ಲೋಟ ಕೋಕೋ ಕುಡಿದರು.

ಮಾರನೆಯ ದಿನ ಬೀದಿ ಕೊನೆಯ ಡೈರಿಯಿಂದ, ಹಾಲು ಬ್ರೆಡ್ಡು ಮಾರುವ ಆ ಚಿಕ್ಕ ಅಂಗಡಿಯಿಂದ, ಶಾಲೆಯ ಮಕ್ಕಳ ನೋಟುಬುಕ್ಕೊಂದನ್ನು ತರಿಸಿದರು. ಮೊದಲ ಪುಟದಲ್ಲಿ, ನಡುಗುವ ಕೈಯಿಂದ ತಾವೇ, ಒಂದು ಸಾಲು ಬರೆದರು: ಅನುಮಾನ ಬಂದರೆ ನನ್ನನ್ನು ಕರೆಯಿರಿ. ಡಾಕ್ಟರಿಂದ ಅದರ ಕೆಳಗೆ ಹೆಸರು ಬರೆಸಿದರು. ನಾನು ಸಹಿ ಹಾಕಿದೆ. ಕೊನೆಯ ಪುಟ ತೆಗೆದು, ಮೇಲೆ 'ತಿಮಿಂಗಿಲಗಳು' ಎಂದು ಬರೆದು, ಅಡಿಗೆರೆ ಎಳೆದರು. ಕರೆದು ಬಂದು ನೋಡಿದರೆ ಏನೂ ಇಲ್ಲವಾದರೆ ಅಲ್ಲಿ ದಾಖಲು ಮಾಡಬೇಕು. "ಈ ಪುಟ ಖಾಲಿ ಇದ್ದರ ಅಂಜಬೇಕು, ತಿಳೀತಿಲ್ಲೋ?"

ಮೂರು ವರ್ಷದ ನಂತರ ಒಂದು ಬೆಳಿಗ್ಗೆ, ತಮ್ಮ ಹಾಸಿಗೆಯಲ್ಲಿ, ಯಾರ ಅವಸರವೂ ಇಲ್ಲದೆ ಹೋದರು. ಆ ಪುಸ್ತಕ ಈಗಲೂ ನರ್ಸುಗಳ ಮೇಜಿನ ಮೇಲಿದೆ. ಡಾಕ್ಟರ ಹೆಸರಿನ ಕೆಳಗೆ ನನ್ನ ಹೆಸರೂ ಸೇರಿದೆ, ಹೊಸಬರೆಲ್ಲ ಸಹಿ ಹಾಕುತ್ತಾರೆ. ಶಾಹೀನ್ ಕೂಡ ಹಾಕಿದ್ದಾಳೆ, ಚೆಂದದ ಅಕ್ಷರದಲ್ಲಿ. ಅವಳಿಗೆ ಇಪ್ಪತ್ತು ವರ್ಷದ ಡನ್‌ಸ್ಟನ್ ಅವರ ಕಥೆಯನ್ನು ಹಿಂದಿನ ಸೋಮವಾರ, ಆ ಹಲ್ಲುನೋವಿನ ದಿನ, ಇಡೀ ಹೇಳಿದ್ದೆ. ತಲೆ ಆಡಿಸಿದ್ದಳು. ನಾನೂ ಒಂದು ಕಾಲದಲ್ಲಿ ತಿಮಿಂಗಿಲದ ಕಥೆ ಕೇಳಿ ತಲೆ ಆಡಿಸಿದವಳೇ. ಹಾಗಾಗಿ ಆ ಭಾನುವಾರ ಫೋನಿನ ಮುಂದೆ ಕೂತಿದ್ದೆ.

ಪಾವ್ಲೋವಾದ ಮೇಲೆ ಚಾಕೊಲೇಟ್ ಉದುರಿತು. ಮಗಳು ಚೂರಿ ಎತ್ತಿದಳು. ಫೋನು ಬಡಿದುಕೊಂಡಿತು.

"ಸಾರಿ ಆಂಟಿ, ಊಟ ಮಾಡ್ಲತ್ತಿದ್ರೇನೋ," ಎಂದಳು ಶಾಹೀನ್. "ಏಳನೇ ರೂಮಿನ ಅಂಕಲ್‌ದು ತುಟಿ ನೀಲಿ ಆಗ್ಯಾವ್ರಿ. ಬೆರಳ ತುದಿನೂ. ಆಕ್ಸಿಜನ್ ನೋಡಿದ್ರ 97 ತೋರಸ್ಲತ್ತದ. ಉಸಿರೂ ಚಂದ ಅದ. ಅವರು ನಗ್ಲತ್ತಾರ. ನನಗೇನೂ ತಿಳೀವಲ್ದು. ಆದರ ಅನುಮಾನ ಅದ್ರಿ."

"ಅನುಮಾನ ಐತಲ್ಲ? ಬಂದೆ," ಎಂದೆ.

ಈ ಊರಿನ ರಸ್ತೆಗಳು ರೊಟ್ಟಿಯ ಹಾಗೆ ಸಮತಟ್ಟು, ಆರು ನಿಮಿಷದಲ್ಲಿ ತಲುಪಿದೆ. ಏಳನೆಯ ಕೋಣೆಯ ಅಂಕಲ್ ದಿಂಬಿಗೆ ಒರಗಿ ಮಹಾರಾಜನಂತೆ ಕೂತಿದ್ದರು. ತುಟಿ ನಿಜವಾಗಿಯೂ ನೀಲಿ. "ಬಾಯಿ ತೆರೀರಿ," ಎಂದೆ. ನಾಲಿಗೆ ಇನ್ನೂ ನೀಲಿ. ಹೊದಿಕೆ ಎತ್ತಿದರೆ ಕೆಳಗೆ ಐಸ್‌ಕ್ರೀಮಿನ ದೊಡ್ಡ ಡಬ್ಬಿ, ತಳದಲ್ಲಿ ಉಳಿದದ್ದು ಹತ್ತೋ ಹನ್ನೆರಡೋ ಬ್ಲೂಬೆರಿ. ಬೆಳಿಗ್ಗೆ ಅವರ ಮಗಳು ತೋಟದಿಂದ ಕಿತ್ತು ತಂದು ಕೊಟ್ಟಿದ್ದಳಂತೆ. ಊಟದ ಮೊದಲು ತಿನ್ನಬೇಡಿ ಎಂದಿದ್ದಕ್ಕೆ ಅವರು ಬಚ್ಚಿಟ್ಟುಕೊಂಡಿದ್ದರು.

ಶಾಹೀನಳ ಮುಖ ಕೆಂಪಾಗಿ ಕಣ್ಣು ತುಂಬಿತು. "ತಪ್ಪಾತ್ರಿ ಆಂಟಿ. ಸುಮ್ಮನ ನಿಮ್ಮನ್ನ ಎಬ್ಬಿಸಿ ಕರಸ್ದೆ."

ನನಗೆ ಅವಳನ್ನು ಎತ್ತಿ ತಿರುಗಿಸಬೇಕು ಎನ್ನಿಸಿತು. ಸೊಂಟದ ವಯಸ್ಸು ನೆನಪಾಗಿ ಬಿಟ್ಟೆ. "ಶಭಾಶ್," ಎಂದೆ. "ಆ ಪುಸ್ತಕ ತಗೊಂಡು ಬಾ. ಕಡೀ ಪುಟ ತಗಿ. ತಿಮಿಂಗಿಲ ಅಂತ ಬರಿ, ವೇಳೆ ಹಾಕು, ಸಹಿ ಮಾಡು."

ಬರೆದಳು. ಒಂದು ಕ್ಷಣ ಯೋಚಿಸಿ, ಪಕ್ಕದಲ್ಲಿ ಕಂಸದೊಳಗೆ 'ನೀಲಿ' ಎಂದು ಸೇರಿಸಿದಳು. ಮೊದಲ ಸಲ ನಕ್ಕಳು. "ಮತ್ತ ಕರೀಲೇನ್ರಿ?"

"ಕರೀದಿದ್ರ ನೋಡು."

ಮನೆಗೆ ಬಂದಾಗ ನನ್ನ ಪಾಲಿನ ಪಾವ್ಲೋವಾ ಕುಸಿದಿತ್ತು, ರುಚಿಯೇನೂ ಕೆಟ್ಟಿರಲಿಲ್ಲ. ತುರಿಮಣೆಯ ಪಕ್ಕ ಉಳಿದಿದ್ದ ಚಾಕೊಲೇಟ್ ಚೂರುಗಳನ್ನು ಗುಡಿಸಿ, ಕುದಿಯುವ ನೀರು ಹೊಯ್ದು, ಮಂದ ಮಾಡಿ, ಕೆನೆಗಟ್ಟುವ ಮೊದಲೇ ಕುಡಿದೆ. ಹೊರಗೆ ಜೀರುಂಡೆ ಅರಚುತ್ತಿತ್ತು. ಹಣೆಯಲ್ಲಿ ಬೆವರೊಡೆಯಿತು.

ಒಂದು ತಿಂಗಳಿಂದ ಭಾನುವಾರದ ಮಧ್ಯಾಹ್ನ ನಾನು ಮಲಗಿರಲಿಲ್ಲ. ಅವತ್ತು ದಿಂಬಿಗೆ ತಲೆ ಕೊಟ್ಟ ಕೂಡಲೇ ರೆಪ್ಪೆ ಜಗ್ಗಿದವು. ಅಷ್ಟೊಂದು ತಿಮಿಂಗಿಲಗಳ ನಡುವೆ ಡನ್‌ಸ್ಟನ್ ಹೇಗೆ ನಿದ್ದೆ ಮಾಡಿದರು ಎಂದು ನಾನು ಯಾವತ್ತೂ ಕೇಳಿರಲಿಲ್ಲ. ಎಬ್ಬಿಸುತ್ತಾರೆ ಎಂದು ಗೊತ್ತಿದ್ದರಿಂದಲೇ ಮಲಗಿದರು.

ಬಾಗಿಲಾಚೆ ನಮ್ಮವರು ತುದಿಗಾಲಲ್ಲಿ ನಡೆಯುವ ಸದ್ದು. "ಶ್, ಸದ್ದು ಮಾಡಬ್ಯಾಡ," ಎಂದು ಮಗಳಿಗೆ ಪಿಸುಗುಟ್ಟುತ್ತಿದ್ದರು, ಥೇಟ್ ನಮ್ಮಜ್ಜಿಯ ಹಾಗೆ. "ಅಮ್ಮ ಮಲಗ್ಯಾಳ. ಆ ಫೋನ್ ಈ ಕಡೆ ಕೊಡು, ಬಂದ್ ಮಾಡ್ತೀನಿ."

"ಬಂದ್ ಮಾಡಬ್ಯಾಡ್ರಿ," ಎಂದೆ ಕಣ್ಣು ತೆರೆಯದೆ. "ಬಂದರ ಎಬ್ಬಿಸ್ರಿ."

"ನೋ ವರೀಸ್, ಅಮ್ಮಾ," ಎಂದಳು ಮಗಳು. "ಎಬ್ಬಿಸ್ತೀನಿ."